ಅಟ್ಲಾಸ್ ಸಿಂಹಿಣಿಯರೂ ನಮ್ಮ ಶಾಲೆಯ ಮೈದಾನವೂ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, 2025ರ ಡಿಸೆಂಬರ್‌ನಲ್ಲಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ‘ಕ್ರೀಡೆ ಮತ್ತು ಹೆಣ್ಣುಮಕ್ಕಳು’. ಈ ವಿಷಯದ ಭಾಷಣ ಪಿ.ಟಿ. ಉಷಾ ಅವರಿಂದ ಶುರುವಾಗಿ, ಹೋದ ತಿಂಗಳು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ಬಳಗ ಕ್ರಿಕೆಟ್ ವಿಶ್ವಕಪ್ ಎತ್ತಿದಲ್ಲಿಗೆ ಮುಗಿಯುವುದು ವಾಡಿಕೆ. ಆ ರಾತ್ರಿ ನಾವೆಲ್ಲ ಟಿ.ವಿ. ಮುಂದೆ ಕುಳಿತು ಕಣ್ಣೊರೆಸಿಕೊಂಡವರೇ. ಆದರೆ ಅದನ್ನು ನೀವೇ ನೋಡಿದ್ದೀರಿ, ನಾನು ಬಂದು ಹೇಳಬೇಕಾಗಿಲ್ಲ. ನೀವು ಬಹುಶಃ ಕೇಳಿರದ ಒಂದು ತಂಡದ ಕಥೆಯನ್ನು ಇವತ್ತು ಹೇಳುತ್ತೇನೆ. ಆಫ್ರಿಕಾ ಖಂಡದ ಉತ್ತರದಲ್ಲಿರುವ ಮೊರಾಕ್ಕೊ ದೇಶದ ಮಹಿಳಾ ಫುಟ್‌ಬಾಲ್ ತಂಡದ ಕಥೆ ಅದು. ಈ ತಂಡ ತನ್ನ ಖಂಡದ ಕಪ್ಪನ್ನು ಇಲ್ಲಿಯವರೆಗೆ ಒಮ್ಮೆಯೂ ಗೆದ್ದಿಲ್ಲ. ಆದರೂ ಇಪ್ಪತ್ತೆರಡು ವರ್ಷಗಳಿಂದ ದೈಹಿಕ ಶಿಕ್ಷಣ ಶಿಕ್ಷಕಿಯಾಗಿರುವ ನನಗೆ ಗೆದ್ದ ಎಷ್ಟೋ ತಂಡಗಳಿಗಿಂತ ಇದರಿಂದ ಕಲಿಯುವುದು ಹೆಚ್ಚಿದೆ ಎನ್ನಿಸಿದೆ. ಯಾಕೆಂದು ಕೊನೆಗೆ ಹೇಳುತ್ತೇನೆ. ಕೊನೆಯಲ್ಲಿ ಸಮಿತಿಯ ಮುಂದೆ ಒಂದು ಬೇಡಿಕೆಯೂ ಇದೆ, ಈಗಲೇ ಹೇಳಿಬಿಡುತ್ತೇನೆ. ಯಾರೂ ಎದ್ದು ಹೋಗಬಾರದು.

ಮಕ್ಕಳೇ, ಮೊರಾಕ್ಕೊ ಎಲ್ಲಿದೆ? ಭೂಪಟದಲ್ಲಿ ಆಫ್ರಿಕಾದ ಎಡಗಡೆಯ ಮೇಲಿನ ಮೂಲೆ ನೋಡಿ. ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಮೆಡಿಟರೇನಿಯನ್ ಸಮುದ್ರ, ಬೆನ್ನಿಗೆ ಸಹಾರಾ ಮರುಭೂಮಿ, ನಡುವೆ ಉದ್ದಕ್ಕೆ ಅಟ್ಲಾಸ್ ಪರ್ವತ. ಜಿಬ್ರಾಲ್ಟರ್ ಜಲಸಂಧಿ ದಾಟಿದರೆ ಸ್ಪೇನ್. ಇಕ್ಕಟ್ಟಾದ ಕಡೆಯಲ್ಲಿ ನಡುವಿನ ನೀರು ಸುಮಾರು 14 ಕಿಲೋಮೀಟರ್ ಮಾತ್ರ. ರಾಜಧಾನಿ ರಬಾತ್, ದೊಡ್ಡ ಪಟ್ಟಣ ಕಾಸಾಬ್ಲಾಂಕಾ. ಜನ ಅರಬ್ಬಿ ಮತ್ತು ಅಮಾಜಿಗ್ ಭಾಷೆಗಳನ್ನು ಆಡುತ್ತಾರೆ. ಅಟ್ಲಾಸ್ ಪರ್ವತದಲ್ಲಿ ಹಿಂದೆ ಸಿಂಹಗಳಿದ್ದವು, ಈಗ ಕಾಡಿನಲ್ಲಿ ಒಂದೂ ಉಳಿದಿಲ್ಲ. ಅವುಗಳ ಹೆಸರಿನಲ್ಲಿ ಅಲ್ಲಿಯ ಗಂಡಸರ ತಂಡವನ್ನು ಅಟ್ಲಾಸ್ ಸಿಂಹಗಳು ಎಂದೂ ಹೆಂಗಸರ ತಂಡವನ್ನು ಅಟ್ಲಾಸ್ ಸಿಂಹಿಣಿಯರು ಎಂದೂ ಕರೆಯುತ್ತಾರೆ.

ಅಷ್ಟು ದೂರದ ದೇಶಕ್ಕೂ ನಮ್ಮ ಹೊನ್ನಾವರ ತಾಲೂಕಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ, ಅದೂ ಶಾಲೆಯ ಸಂಬಂಧ. ಮೊರಾಕ್ಕೊದ ತಾಂಜಿಯರ್ ಎಂಬ ಊರಿನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತನ ಹೆಸರನ್ನು ಸಮಾಜ ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಅವನು 1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದು ಹೊನ್ನಾವರದಲ್ಲಿ ಉಳಿದಿದ್ದ. ಊರಿಗೆ ಹಿಂದಿರುಗಿ ಹೇಳಿ ಬರೆಸಿದ ಪ್ರವಾಸ ಕಥನದಲ್ಲಿ ಹೊನ್ನಾವರದ ಬಗ್ಗೆ ಒಂದು ವಿಷಯವನ್ನು ಆಶ್ಚರ್ಯದಿಂದ ದಾಖಲಿಸಿದ್ದಾನೆ. ಇಲ್ಲಿ ಹುಡುಗರಿಗೆ 23 ಶಾಲೆಗಳು, ಹುಡುಗಿಯರಿಗೆ 13 ಶಾಲೆಗಳು ಇದ್ದವಂತೆ. ಹುಡುಗಿಯರಿಗೆ ಹೀಗೆ ಶಾಲೆಗಳಿರುವುದನ್ನು ತಾನು ಬೇರೆಲ್ಲೂ ಕಾಣಲಿಲ್ಲ ಎನ್ನುತ್ತಾನೆ. ಅರ್ಧ ಪ್ರಪಂಚ ಸುತ್ತಿದ ಮನುಷ್ಯನ ಮಾತು ಅದು. ಸುಮಾರು 680 ವರ್ಷಗಳ ಹಿಂದೆ ಮೊರಾಕ್ಕೊದವನೊಬ್ಬ ನಮ್ಮೂರ ಹುಡುಗಿಯರನ್ನು ನೋಡಿ ಬೆರಗಾದ. ಇವತ್ತು ನಾವು ಅವನ ಊರಿನ ಹುಡುಗಿಯರನ್ನು ನೋಡೋಣ.

ಮೊರಾಕ್ಕೊದ ಹೆಣ್ಣುಮಕ್ಕಳ ಕ್ರೀಡೆಯ ಕಥೆ ಫುಟ್‌ಬಾಲಿನಿಂದ ಶುರುವಾಗುವುದಿಲ್ಲ, ಓಟದಿಂದ ಶುರುವಾಗುತ್ತದೆ. ಆ ಓಟ ನಮಗೂ ಗೊತ್ತಿರುವಂಥದ್ದೇ. 1984ರ ಆಗಸ್ಟ್ 8, ಲಾಸ್ ಏಂಜಲೀಸ್ ಒಲಿಂಪಿಕ್ಸ್, ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್. ಪಿ.ಟಿ. ಉಷಾ ಅವರು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚಿನ ಪದಕ ಕಳೆದುಕೊಂಡ ಓಟ. ನಮಗೆಲ್ಲ ನಾಲ್ಕನೆಯವರ ಹೆಸರು ಬಾಯಿಪಾಠ. ಮೊದಲನೆಯವರು ಯಾರೆಂದು ಕೇಳಿದರೆ ಎಷ್ಟು ಜನ ಹೇಳುತ್ತೀರಿ? ಮೊರಾಕ್ಕೊದ ನವಾಲ್ ಎಲ್ ಮುತವಕಿಲ್. 54.61 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಆ ದೇಶಕ್ಕೆ ಅದು ಮೊದಲ ಒಲಿಂಪಿಕ್ ಚಿನ್ನ. ಆ ದಿನ ಹುಟ್ಟಿದ ಹೆಣ್ಣುಮಕ್ಕಳಿಗೆ ನವಾಲ್ ಎಂದು ಹೆಸರಿಡಬೇಕು ಎಂದು ದೊರೆ ಎರಡನೇ ಹಸನ್ ಹೇಳಿದರಂತೆ.

ನವಾಲ್ ಚಿನ್ನ ಗೆದ್ದು ಸುಮ್ಮನೆ ಕೂರಲಿಲ್ಲ. 1993ರಲ್ಲಿ ಕಾಸಾಬ್ಲಾಂಕಾದಲ್ಲಿ ಹೆಂಗಸರಿಗಾಗಿಯೇ ಒಂದು ಓಟ ಶುರು ಮಾಡಿದರು. ಪದಕಕ್ಕಲ್ಲ, ಖುಷಿಗೆ ಓಡುವ ಓಟ. ಅಜ್ಜಿಯರು, ತಾಯಂದಿರು, ಕಾಲೇಜು ಹುಡುಗಿಯರು ಸಾವಿರಗಟ್ಟಲೆ ಬೀದಿಗಿಳಿದು ಓಡಿದರು. ಊರಿನ ನಡುಬೀದಿಯಲ್ಲಿ ಹೆಂಗಸರು ಓಡುವುದನ್ನು ಜನ ನೋಡಿ ಅಭ್ಯಾಸ ಮಾಡಿಕೊಂಡರು. ಮುಂದೆ ನವಾಲ್ ಆ ದೇಶದ ಕ್ರೀಡಾ ಮಂತ್ರಿಯೂ ಆದರು.

ಈಗ ಫುಟ್‌ಬಾಲ್. ಗಂಡಸರ ಫುಟ್‌ಬಾಲ್ ಅಲ್ಲಿ ನಮ್ಮ ಕ್ರಿಕೆಟ್ ಇದ್ದ ಹಾಗೆ, ಗಲ್ಲಿಗಲ್ಲಿಯಲ್ಲಿ ಇದೆ. ಹೆಂಗಸರ ರಾಷ್ಟ್ರೀಯ ತಂಡ ಮೊದಲ ಬಾರಿ ಆಫ್ರಿಕಾ ಖಂಡದ ದೊಡ್ಡ ಪಂದ್ಯಾವಳಿಗೆ ಹೋದದ್ದು 1998ರಲ್ಲಿ, ನೈಜೀರಿಯಾಕ್ಕೆ. ಅಲ್ಲಿ ಆತಿಥೇಯ ನೈಜೀರಿಯಾದ ಕೈಯಲ್ಲಿ 8–0ಯಿಂದ ಸೋತರು. 2000ದಲ್ಲಿ ಇನ್ನೊಮ್ಮೆ ಹೋದರು. ಆಮೇಲೆ ಇಪ್ಪತ್ತೆರಡು ವರ್ಷ ಆ ಪಂದ್ಯಾವಳಿಯ ಬಾಗಿಲು ಅವರಿಗೆ ತೆರೆಯಲೇ ಇಲ್ಲ. 

ಇಪ್ಪತ್ತೆರಡು ವರ್ಷ ಎಂದರೆ ಎಷ್ಟು ಎಂದು ಸ್ವಲ್ಪ ಯೋಚಿಸಿ. 2000ದಲ್ಲಿ ಹುಟ್ಟಿದ ಹುಡುಗಿ ಶಾಲೆ ಮುಗಿಸಿ, ಡಿಗ್ರಿಯನ್ನೂ ಮುಗಿಸುವಷ್ಟು ಕಾಲ. ಆ ಕಾಲದಲ್ಲಿ ಅಲ್ಲಿ ಚೆನ್ನಾಗಿ ಆಡುವ ಹುಡುಗಿಯರು ಹುಟ್ಟಲಿಲ್ಲವೇ? ಹುಟ್ಟಿದರು. ಗಿಜ್ಲಾನ್ ಶೆಬ್ಬಾಕ್ ಎಂಬವರು 1990ರಲ್ಲಿ ಕಾಸಾಬ್ಲಾಂಕಾದಲ್ಲಿ ಹುಟ್ಟಿದರು. ಅವರ ತಂದೆ ಲಾರ್ಬಿ ಶೆಬ್ಬಾಕ್ ಗಂಡಸರ ರಾಷ್ಟ್ರೀಯ ತಂಡದಲ್ಲಿ ಆಡಿದವರು. ಮನೆಯಲ್ಲಿಯೇ ಫುಟ್‌ಬಾಲ್ ಇದ್ದ ಹುಡುಗಿ. ಆದರೂ ದೊಡ್ಡ ಪಂದ್ಯಾವಳಿಯೊಂದರಲ್ಲಿ ದೇಶದ ಪರವಾಗಿ ಆಡಲು ಅವರು 31 ವರ್ಷದವರೆಗೆ ಕಾಯಬೇಕಾಯಿತು. ಆಟಗಾರ್ತಿಯ ಬದುಕಿನಲ್ಲಿ ಅದು ಸಂಜೆಯ ಹೊತ್ತು. ಅವರಿಗೆ ಹೇಗೋ ಸಿಕ್ಕಿತು. ಅವರ ಹಾಗೆಯೇ ಆಡುತ್ತಿದ್ದು, ಕಾದು ಕಾದು ಬಿಟ್ಟುಹೋದವರ ಹೆಸರು ನಮಗೆ ಗೊತ್ತಾಗುವುದಿಲ್ಲ. ನನ್ನ ಮನಸ್ಸು ಯಾವಾಗಲೂ ಆ ಗೊತ್ತಿಲ್ಲದವರ ಕಡೆಗೇ ಹೋಗುತ್ತದೆ.

ಹಾಗಾದರೆ ಬದಲಾದದ್ದು ಏನು? ಒಬ್ಬ ದೊಡ್ಡ ಆಟಗಾರ್ತಿ ಆಕಾಶದಿಂದ ಇಳಿದು ಬಂದು ತಂಡವನ್ನು ಎತ್ತಲಿಲ್ಲ. ಬದಲಾದದ್ದು ಏರ್ಪಾಟು. 2020ರಲ್ಲಿ ಅಲ್ಲಿಯ ಫುಟ್‌ಬಾಲ್ ಸಂಸ್ಥೆ ಮಹಿಳೆಯರಿಗೆ ಎರಡು ಹಂತದ ವೃತ್ತಿಪರ ಲೀಗ್ ಶುರು ಮಾಡಿತು. ಹಣ ಇಲ್ಲ ಎಂದು ಕ್ಲಬ್‌ಗಳು ಹಿಂದೆ ಸರಿಯಬಾರದು ಎಂದು ತಾನೇ ಹಣ ಕೊಟ್ಟಿತು. ಆಟಗಾರ್ತಿಯರಿಗೆ, ತರಬೇತುದಾರರಿಗೆ ತಿಂಗಳು ತಿಂಗಳು ಸಂಬಳ ಗೊತ್ತುಮಾಡಿತು. ಮೇಲಿನ ಹಂತದಲ್ಲಿ ಮಾತ್ರವಲ್ಲ, ಎರಡನೆಯ ಹಂತದಲ್ಲಿಯೂ. ದೊಡ್ಡ ಶ್ರೀಮಂತ ದೇಶಗಳಲ್ಲಿಯೂ ಆಗ ಎರಡನೆಯ ಹಂತದ ಆಟಗಾರ್ತಿಯರಿಗೆ ಅಂಥ ಭದ್ರತೆ ಇರಲಿಲ್ಲ. ಹದಿನೈದು, ಹದಿನೇಳು ವರ್ಷದೊಳಗಿನವರ ತಂಡಗಳೂ ಬೆಳೆದವು. ಫ್ರಾನ್ಸಿನ ಲಿಯೋನ್ ಮಹಿಳಾ ತಂಡವನ್ನು ಎರಡು ಬಾರಿ ಯುರೋಪಿನ ಚಾಂಪಿಯನ್ ಮಾಡಿದ್ದ ರೆನಾಲ್ಡ್ ಪೆಡ್ರೋಸ್ ಅವರನ್ನು ರಾಷ್ಟ್ರೀಯ ತಂಡಕ್ಕೆ ತರಬೇತುದಾರರಾಗಿ ಕರೆತಂದರು. ರಬಾತ್‌ನ ಸೇನಾ ಕ್ಲಬ್ಬಿನ ಮಹಿಳಾ ತಂಡ 2022ರಲ್ಲಿ ಇಡೀ ಆಫ್ರಿಕಾದ ಕ್ಲಬ್ ಚಾಂಪಿಯನ್ ಆಯಿತು. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ತಂಡವನ್ನು 4–0ಯಿಂದ ಸೋಲಿಸಿತು.

ಸಂಬಳ ಎಂದ ಕೂಡಲೇ ನಮ್ಮಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. ಆಟವನ್ನು ಪ್ರೀತಿಗೆ ಆಡಬೇಕು, ದುಡ್ಡಿಗಲ್ಲ ಎನ್ನುತ್ತಾರೆ. ಗಂಡುಮಕ್ಕಳ ಐ.ಪಿ.ಎಲ್. ಹರಾಜನ್ನು ನೋಡುವಾಗ ಆ ಮಾತು ಯಾರಿಗೂ ನೆನಪಾಗುವುದಿಲ್ಲ. ಸಂಬಳ ಬರುತ್ತದೆ ಎಂದರೆ ಮನೆಯಲ್ಲಿ ಹೇಳಿಕೊಳ್ಳಲು ಹುಡುಗಿಗೆ ಒಂದು ಮಾತು ಸಿಗುತ್ತದೆ. ‘ನಾನು ಆಡಲಿಕ್ಕೆ ಹೋಗುತ್ತೇನೆ’ ಎನ್ನುವುದಕ್ಕೂ ‘ನಾನು ಕೆಲಸಕ್ಕೆ ಹೋಗುತ್ತೇನೆ’ ಎನ್ನುವುದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಇಲ್ಲಿ ಕುಳಿತ ಎಲ್ಲ ತಾಯಂದಿರಿಗೂ ಗೊತ್ತು.

2022ರ ಜುಲೈಯಲ್ಲಿ ಆಫ್ರಿಕಾ ಮಹಿಳಾ ಕಪ್ ಮೊರಾಕ್ಕೊದಲ್ಲಿಯೇ ನಡೆಯಿತು. ಇಪ್ಪತ್ತೆರಡು ವರ್ಷದ ನಂತರ ಮತ್ತೆ ಕಣಕ್ಕಿಳಿದ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ಬೋಟ್ಸ್‌ವಾನಾವನ್ನು 2–1ರಿಂದ ಸೋಲಿಸಿತು. ಅಷ್ಟಕ್ಕೇ ವಿಶ್ವಕಪ್ಪಿಗೆ ಅರ್ಹತೆ ಸಿಕ್ಕಿಬಿಟ್ಟಿತು. ಮಹಿಳಾ ವಿಶ್ವಕಪ್ಪಿಗೆ ಹೋದ ಮೊದಲ ಅರಬ್ ದೇಶ ಮೊರಾಕ್ಕೊ. ಸೆಮಿಫೈನಲ್‌ನಲ್ಲಿ ಎದುರಾದದ್ದು ಯಾರು? ಅದೇ ನೈಜೀರಿಯಾ. ಹಿಂದೆ ಎಂಟು ಗೋಲು ಹೊಡೆದವರು. ಜುಲೈ 18ರ ಆ ರಾತ್ರಿ ರಬಾತ್‌ನ ಕ್ರೀಡಾಂಗಣದಲ್ಲಿ 45 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಪಂದ್ಯ 1–1, ಕೊನೆಗೆ ಪೆನಾಲ್ಟಿ. ನೈಜೀರಿಯಾದ ಇಬ್ಬರು ಕೆಂಪು ಕಾರ್ಡ್ ಪಡೆದು ಹೊರಹೋಗಿದ್ದರೂ ಉಳಿದ ಒಂಬತ್ತು ಜನ ಕೊನೆಯವರೆಗೂ ಬಗ್ಗಲಿಲ್ಲ ಎಂಬುದನ್ನೂ ಹೇಳಬೇಕು. ಕೊನೆಯ ಪೆನಾಲ್ಟಿ ಹೊಡೆದವರು ರೊಸೆಲ್ಲಾ ಅಯಾನ್. ತಂದೆ ಮೊರಾಕ್ಕೊದವರು, ಹುಟ್ಟಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಚೆಂಡು ಬಲೆಗೆ ಬಿತ್ತು, ಮೊರಾಕ್ಕೊ ಫೈನಲ್‌ಗೆ ಹೋಯಿತು.

ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 2–1ರಿಂದ ಗೆದ್ದಿತು. ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಸೋತ ತಂಡದ ನಾಯಕಿ ಗಿಜ್ಲಾನ್ ಶೆಬ್ಬಾಕ್ ಅವರಿಗೆ ಬಂತು. ಆ ತಿಂಗಳಿನಲ್ಲಿ ಕಪ್ಪಿಗಿಂತ ದೊಡ್ಡದೆಂದು ನನಗೆ ಕಾಣುವುದು ಆ ಜನಸಂದಣಿ. ಹುಡುಗಿಯರ ಆಟ ನೋಡಲು ಅಪ್ಪ ಅಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಕ್ರೀಡಾಂಗಣ ತುಂಬಿದ್ದರು. ಅವರ ನಡುವೆ ಕುಳಿತಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ಮರುದಿನ ಮನೆಯಲ್ಲಿ ಏನು ಕೇಳಿರಬಹುದು, ನೀವೇ ಊಹಿಸಿ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಈ ಕಥೆ ನಮ್ಮ ದೇಶಕ್ಕೂ ಬಂತು. 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲಿ ನಡೆಯಿತು. ಅಕ್ಟೋಬರ್ 14ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತ ಮತ್ತು ಮೊರಾಕ್ಕೊ ಎದುರುಬದುರು. ಅರ್ಧ ಆಟದವರೆಗೂ ನಮ್ಮ ಹುಡುಗಿಯರು ಒಂದು ಗೋಲೂ ಬಿಡಲಿಲ್ಲ. ಆಮೇಲೆ ಮೂರು ಗೋಲು ಬಿದ್ದು 3–0ಯಿಂದ ಸೋತೆವು. ಆ ಪಂದ್ಯವನ್ನು ನಾನು ಟಿ.ವಿ.ಯಲ್ಲಿ ನೋಡಿದೆ. ಎರಡೂ ಕಡೆಯವರು ನಮ್ಮ ಹತ್ತನೇ ತರಗತಿ, ಪಿ.ಯು.ಸಿ. ಮಕ್ಕಳ ವಯಸ್ಸಿನವರು. ಎತ್ತರದಲ್ಲಿ, ಓಟದಲ್ಲಿ ನಮ್ಮ ಮಕ್ಕಳು ಕಡಿಮೆ ಇದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಕಡಿಮೆ ಬಿದ್ದದ್ದು ಪಂದ್ಯ ಆಡಿದ ಅನುಭವ. ಶಿಬಿರದಲ್ಲಿ ಎಷ್ಟು ತಿಂಗಳು ಅಭ್ಯಾಸ ಮಾಡಿದರೂ ವಾರ ವಾರ ಪಂದ್ಯ ಆಡಿ ಬರುವ ಗಟ್ಟಿತನ ಬೇರೆ.

ನಮ್ಮಲ್ಲಿಯೂ ಕೆಲಸ ನಡೆಯುತ್ತಿಲ್ಲ ಎಂದಲ್ಲ. ನಮ್ಮ ರಾಜ್ಯದ್ದೇ ಆದ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್‌ವರೆಗೆ ಹೋಗಿತ್ತು. ಈ ವರ್ಷದ ಜುಲೈಯಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2–1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಮುಂದಿನ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಆ ಪಂದ್ಯಗಳಿವೆ. ಪರೀಕ್ಷೆಯ ನಡುವೆ ಆದರೂ ಒಂದು ಪಂದ್ಯ ನೋಡಿ ಮಕ್ಕಳೇ. ಬೈಗುಳ ಬಂದರೆ ನನ್ನ ಹೆಸರು ಹೇಳಿ.

ಈಗ 2023ರ ವಿಶ್ವಕಪ್. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ನಡೆದದ್ದು. ಮೊರಾಕ್ಕೊ ಆಗ ವಿಶ್ವದ 72ನೇ ಸ್ಥಾನದ ತಂಡ. ಗುಂಪಿನಲ್ಲಿ ಎರಡು ಬಾರಿ ವಿಶ್ವಕಪ್ ಗೆದ್ದ ಜರ್ಮನಿ, ಜೊತೆಗೆ ದಕ್ಷಿಣ ಕೊರಿಯಾ ಮತ್ತು ಕೊಲಂಬಿಯಾ. ಮೊದಲ ಪಂದ್ಯ ಜುಲೈ 24ರಂದು ಮೆಲ್ಬರ್ನ್‌ನಲ್ಲಿ. ಜರ್ಮನಿ ಆರು, ಮೊರಾಕ್ಕೊ ಸೊನ್ನೆ. ಮಕ್ಕಳೇ, ತಾಲೂಕು ಮಟ್ಟದಲ್ಲಿ ಮೊದಲ ಪಂದ್ಯ ಹಾಗೆ ಸೋತರೆ ನಾವು ಏನು ಮಾಡುತ್ತೇವೆ? ಬ್ಯಾಗು ಕಟ್ಟಿ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇವೆ. ‘ಇವರಿಗೆಲ್ಲ ಯಾಕೆ ಬೇಕಿತ್ತು’ ಎನ್ನುವವರು ಎಲ್ಲ ಊರಿನಲ್ಲಿಯೂ ಇರುತ್ತಾರೆ.

ಆರು ದಿನ ಕಳೆದು ಅಡಿಲೇಡ್‌ನಲ್ಲಿ ದಕ್ಷಿಣ ಕೊರಿಯಾ ಜೊತೆ ಪಂದ್ಯ. ಆರನೆಯ ನಿಮಿಷದಲ್ಲಿ ಇಬ್ತಿಸ್ಸಾಮ್ ಜ್ರಾಯ್ದಿ ತಲೆಯಿಂದ ಹೊಡೆದ ಚೆಂಡು ಗೋಲಾಯಿತು. ವಿಶ್ವಕಪ್ಪಿನಲ್ಲಿ ಮೊರಾಕ್ಕೊದ ಮೊದಲ ಗೋಲು ಅದು. ಉಳಿದ ಸುಮಾರು ಒಂದೂವರೆ ಗಂಟೆ ಆ ಒಂದು ಗೋಲನ್ನು ಕಾಪಾಡಿಕೊಂಡು 1–0ಯಿಂದ ಗೆದ್ದರು.

ಆ ಪಂದ್ಯದಲ್ಲಿ ರಕ್ಷಣೆಗೆ ನಿಂತವರಲ್ಲಿ ನುಹೈಲಾ ಬೆಂಜಿನಾ ಒಬ್ಬರು. ಹಿರಿಯರ ಮಹಿಳಾ ವಿಶ್ವಕಪ್ಪಿನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲ ಆಟಗಾರ್ತಿ. ಇದರ ಹಿಂದೆಯೂ ಒಂದು ಚರಿತ್ರೆ ಇದೆ. ಕುತ್ತಿಗೆಗೆ ಅಪಾಯ ಎಂಬ ಕಾರಣ ಕೊಟ್ಟು 2007ರಿಂದ ಫುಟ್‌ಬಾಲಿನಲ್ಲಿ ತಲೆವಸ್ತ್ರಕ್ಕೆ ತಡೆ ಇತ್ತು. 2011ರಲ್ಲಿ ಇರಾನಿನ ಹುಡುಗಿಯರು ಒಲಿಂಪಿಕ್ ಅರ್ಹತಾ ಪಂದ್ಯಕ್ಕೆಂದು ಜೋರ್ಡಾನ್‌ಗೆ ಹೋಗಿ ಮೈದಾನಕ್ಕೆ ಇಳಿದ ಮೇಲೆ, ಇದೇ ಕಾರಣಕ್ಕೆ ಆಡಲು ಬಿಡದೆ ಸೋತರೆಂದು ಘೋಷಿಸಿದರು. 2012ರಲ್ಲಿ ಪ್ರಯೋಗಕ್ಕೆಂದು ಒಪ್ಪಿ, 2014ರಲ್ಲಿ ನಿಯಮವನ್ನೇ ಬದಲಿಸಿದರು. ಮೊರಾಕ್ಕೊ ತಂಡದಲ್ಲಿ ಬೆಂಜಿನಾ ತಲೆವಸ್ತ್ರದೊಂದಿಗೆ ಆಡಿದರು, ನಾಯಕಿ ಶೆಬ್ಬಾಕ್ ಮತ್ತು ಉಳಿದವರು ಹಾಗೆಯೇ ಆಡಿದರು. ಗೋಲು ಬಿದ್ದಾಗ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಏನು ಉಡಬೇಕು ಎಂಬ ಚರ್ಚೆಯಲ್ಲಿ ಎಷ್ಟೋ ದೇಶಗಳಲ್ಲಿ ಹೆಣ್ಣುಮಕ್ಕಳ ಆಟದ ವರ್ಷಗಳೇ ಕಳೆದುಹೋಗುತ್ತವೆ. ಶಿಕ್ಷಕಿಯಾಗಿ ನನ್ನ ಲೆಕ್ಕ ಇಷ್ಟೇ: ಹುಡುಗಿ ಮೈದಾನದ ಒಳಗಿರಬೇಕು.

ಮೂರನೆಯ ಪಂದ್ಯ ಆಗಸ್ಟ್ 3ರಂದು ಪರ್ತ್‌ನಲ್ಲಿ ಕೊಲಂಬಿಯಾ ಜೊತೆ. ಅರ್ಧ ಆಟ ಮುಗಿಯುವ ಹೊತ್ತಿಗೆ ಪೆನಾಲ್ಟಿ ಸಿಕ್ಕಿತು. ಶೆಬ್ಬಾಕ್ ಹೊಡೆದ ಚೆಂಡನ್ನು ಗೋಲ್‌ಕೀಪರ್ ತಡೆದರು. ಮರಳಿ ಬಂದ ಚೆಂಡನ್ನು ಅನಿಸ್ಸಾ ಲಹ್ಮಾರಿ ಓಡಿ ಬಂದು ಬಲೆಗೆ ತಳ್ಳಿದರು. ನಾಯಕಿ ತಪ್ಪಿದಾಗ ಹಿಂದೆ ಇನ್ನೊಬ್ಬಳು ಓಡಿ ಬರುತ್ತಿರಬೇಕು. ಮಕ್ಕಳಿಗೆ ತಂಡ ಎಂದರೆ ಏನೆಂದು ಹೇಳಿಕೊಡುವಾಗ ನಾನು ಆ ತುಣುಕನ್ನೇ ಮೊಬೈಲಿನಲ್ಲಿ ತೋರಿಸುತ್ತೇನೆ.

1–0ಯಿಂದ ಗೆದ್ದರೂ ಮುಂದಿನ ಸುತ್ತು ಖಚಿತವಾಗಿರಲಿಲ್ಲ. ಬ್ರಿಸ್ಬೇನ್‌ನಲ್ಲಿ ಜರ್ಮನಿ ಮತ್ತು ಕೊರಿಯಾ ನಡುವಿನ ಪಂದ್ಯ ಇನ್ನೂ ನಡೆಯುತ್ತಿತ್ತು. ಜರ್ಮನಿ ಗೆದ್ದರೆ ಇವರು ಮನೆಗೆ. ಆಟ ಮುಗಿಸಿದ ಹುಡುಗಿಯರು ಮೈದಾನದ ನಡುವೆಯೇ ಗುಂಪುಗೂಡಿ ಒಂದು ಫೋನಿನಲ್ಲಿ ಆ ಪಂದ್ಯದ ಕೊನೆಯ ನಿಮಿಷಗಳನ್ನು ನೋಡಿದರು. 1–1ರಲ್ಲಿ ಮುಗಿಯಿತು. ವಿಶ್ವಕಪ್ಪಿನ ಗುಂಪು ಹಂತದಲ್ಲಿ ಹಿಂದೆಂದೂ ಹೊರಬೀಳದ ಜರ್ಮನಿ ಹೊರಗೆ, ಅದರಿಂದ ಆರು ಗೋಲು ತಿಂದ ಮೊರಾಕ್ಕೊ ಕೊನೆಯ ಹದಿನಾರರೊಳಗೆ. ಅವರು ಅತ್ತರು, ನಕ್ಕರು, ನೆಲಕ್ಕೆ ಬಿದ್ದರು. ಆ ವೀಡಿಯೊ ಈಗಲೂ ಸಿಗುತ್ತದೆ, ನೋಡಿ.

ಹದಿನಾರರ ಸುತ್ತಿನಲ್ಲಿ ಫ್ರಾನ್ಸ್ 4–0ಯಿಂದ ಗೆದ್ದಿತು. ಆ ದಿನ 2023ರ ಆಗಸ್ಟ್ 8. ನವಾಲ್ ಚಿನ್ನ ಗೆದ್ದು ಸರಿಯಾಗಿ 39 ವರ್ಷ.

ಕಥೆ ಅಲ್ಲಿಗೆ ಮುಗಿದಿದ್ದರೆ ಸಿನಿಮಾದ ಹಾಗೆ ಚೆನ್ನಾಗಿರುತ್ತಿತ್ತು. ಆಟದಲ್ಲಿ ಹಾಗೆ ಆಗುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಒಂದೇ ಹೆಜ್ಜೆ ಬಾಕಿ ಇತ್ತು. ಜಾಂಬಿಯಾದ ನೆಲದಲ್ಲಿ 2–1ರಿಂದ ಗೆದ್ದು ಬಂದವರು ತಮ್ಮದೇ ರಬಾತ್‌ನಲ್ಲಿ ಹೆಚ್ಚುವರಿ ಸಮಯದ ಆಟದಲ್ಲಿ 2–0ಯಿಂದ ಸೋತು ಅವಕಾಶ ಕಳೆದುಕೊಂಡರು. ಈ ವರ್ಷ ಜುಲೈ 26ರಂದು ಮತ್ತೆ ಆಫ್ರಿಕಾ ಕಪ್ಪಿನ ಫೈನಲ್, ಮತ್ತೆ ರಬಾತ್, ಎದುರಿಗೆ ಮತ್ತೆ ನೈಜೀರಿಯಾ. ಶೆಬ್ಬಾಕ್ ಮತ್ತು ಸನಾ ಮಸ್ಸೂದಿ ಹೊಡೆದ ಗೋಲುಗಳಿಂದ ಅರ್ಧ ಆಟದಲ್ಲಿ 2–0 ಮುಂದಿದ್ದರು. ಕಪ್ಪು ಕೈಗೆ ಬಂದ ಹಾಗೆಯೇ. ಆದರೆ ನೈಜೀರಿಯಾ ಎರಡನೆಯ ಅರ್ಧದಲ್ಲಿ ಮೂರು ಗೋಲು ಹೊಡೆಯಿತು, ಕೊನೆಯದು 88ನೆಯ ನಿಮಿಷದಲ್ಲಿ. ಆ ಪಂದ್ಯಾವಳಿಯಲ್ಲಿ ಐದು ಗೋಲು ಹೊಡೆದು ಅತಿ ಹೆಚ್ಚು ಗೋಲಿನ ಪ್ರಶಸ್ತಿ ಪಡೆದ ಶೆಬ್ಬಾಕ್ ಅವರಿಗೆ ಆಗ ವಯಸ್ಸು ಮೂವತ್ತೈದರ ಹತ್ತಿರ. ಎರಡು ಫೈನಲ್, ಎರಡೂ ಮನೆಯಂಗಳದಲ್ಲಿ, ಎರಡರಲ್ಲೂ ಸೋಲು.

ಇಷ್ಟಾದರೂ ಅಲ್ಲಿ ಲೀಗ್ ನಿಲ್ಲಲಿಲ್ಲ, ಸಂಬಳ ನಿಲ್ಲಲಿಲ್ಲ. 17 ವರ್ಷದೊಳಗಿನವರ ವಿಶ್ವಕಪ್ಪನ್ನು 2025ರಿಂದ ಐದು ವರ್ಷ ಸತತವಾಗಿ ನಡೆಸುವ ಹೊಣೆಯನ್ನೂ ಮೊರಾಕ್ಕೊ ಹೊತ್ತುಕೊಂಡಿದೆ. ಭಾಷಣದ ಆರಂಭದಲ್ಲಿ ಯಾಕೆಂದು ಕೊನೆಗೆ ಹೇಳುತ್ತೇನೆ ಎಂದಿದ್ದೆನಲ್ಲ, ಇದೇ ಅದು. ಗೆದ್ದರೆ ಮೈದಾನ ಕೊಡುತ್ತೇವೆ ಎನ್ನುವುದು ನಮ್ಮ ಪದ್ಧತಿ. ಅವರು ಮೈದಾನವನ್ನು ಮೊದಲು ಕೊಟ್ಟರು. ಸೋತಾಗಲೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನು ನನ್ನ ಬೇಡಿಕೆ. ನಾನು ಕಲಿಸುವ ಶಾಲೆಯಲ್ಲಿಯೂ, ನಾನು ಕಲಿತ ಈ ಶಾಲೆಯಲ್ಲಿಯೂ ಕಂಡ ಒಂದು ಸಂಗತಿ ಹೇಳುತ್ತೇನೆ. ಎಂಟನೇ ತರಗತಿಯಲ್ಲಿ ಹುಡುಗಿಯರು ಮೈದಾನದ ತುಂಬ ಇರುತ್ತಾರೆ. ಖೋಖೋ, ಕಬಡ್ಡಿ, ಥ್ರೋಬಾಲ್, ಯಾವುದಕ್ಕೂ ಮುಂದೆ. ಹತ್ತನೇ ತರಗತಿಗೆ ಬರುವಾಗ ಬೆರಳೆಣಿಕೆಯಷ್ಟು ಮಂದಿ ಉಳಿಯುತ್ತಾರೆ. ಕೇಳಿದರೆ ‘ಮನೆಯಲ್ಲಿ ಬೇಡ ಅಂದ್ರು ಅಕ್ಕೋರೆ’ ಎನ್ನುತ್ತಾರೆ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿಸಿದರೆ ಬೇರೆ ಕಾರಣಗಳು ಹೊರಬರುತ್ತವೆ. ಬಟ್ಟೆ ಬದಲಿಸಲು ಕೋಣೆ ಇಲ್ಲ. ತಿಂಗಳ ಆ ದಿನಗಳಲ್ಲಿ ಶೌಚಾಲಯದಲ್ಲಿ ನೀರು ಇಲ್ಲ. ಸಂಜೆ ಮೈದಾನದಲ್ಲಿ ಹುಡುಗರ ಕ್ರಿಕೆಟ್, ಹುಡುಗಿಯರಿಗೆ ಕಂಪೌಂಡ್ ಗೋಡೆಯ ಪಕ್ಕದ ಪಟ್ಟಿ. ಆಟ ಮುಗಿಯುವಾಗ ಊರಿಗೆ ಹೋಗುವ ಬಸ್ಸು ಹೋಗಿಯಾಗಿರುತ್ತದೆ. ಇದರಲ್ಲಿ ಯಾವುದೂ ಹುಡುಗಿಗೆ ಆಟ ಬೇಡ ಎಂಬ ಕಾರಣವಲ್ಲ. ಎಲ್ಲವೂ ನಾವು ಹಿರಿಯರು ಸರಿಮಾಡಬಹುದಾದ ಕಾರಣ.

ಸುವರ್ಣ ಮಹೋತ್ಸವದ ನೆನಪಿಗೆ ರಸ್ತೆಯ ಹತ್ತಿರ ಸ್ವಾಗತ ಕಮಾನು, ಇಲ್ಲಿ ಶಾಶ್ವತ ರಂಗಮಂಟಪ ಕಟ್ಟುವುದೆಂದು ಸಮಿತಿ ತೀರ್ಮಾನಿಸಿದೆ ಎಂದು ಕೇಳಿದೆ. ಬಹಳ ಸಂತೋಷ. ಕಮಾನು ಬೇಡ ಎಂದು ಹೇಳಲು ನಾನು ಬಂದಿಲ್ಲ. ರಂಗಮಂಟಪದ ಹಿಂದೆ ಹೇಗೂ ಒಂದು ಗೋಡೆ ಏಳುತ್ತದೆ. ಆ ಗೋಡೆಗೆ ಹೊಂದಿಸಿ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಕೋಣೆ, ನಲ್ಲಿಯಲ್ಲಿ ನೀರು ಬರುವ ಒಂದು ಶೌಚಾಲಯ ಕಟ್ಟಿಸಿ. ಅದು ಹುಡುಗಿಯರಿಗೆ. ಎರಡನೆಯದಕ್ಕೆ ಒಂದು ಪೈಸೆಯೂ ಬೇಡ: ವಾರದಲ್ಲಿ ಎರಡು ಸಂಜೆ ಇಡೀ ಮೈದಾನ ಹುಡುಗಿಯರದು ಎಂದು ಮುಖ್ಯಾಧ್ಯಾಪಕರು ಬೋರ್ಡಿನಲ್ಲಿ ಬರೆಸಲಿ. ಗೆದ್ದು ಬಂದ ಮೇಲೆ ಅಲ್ಲ, ಈ ಜನವರಿಯಿಂದಲೇ. ಮೂರನೆಯದು ಹಳೆಯ ವಿದ್ಯಾರ್ಥಿಗಳಾದ ನಮಗೆ. ಅಭ್ಯಾಸದ ದಿನ ಕೊನೆಯ ಹುಡುಗಿ ಮನೆ ಮುಟ್ಟುವವರೆಗೆ ಒಂದು ರಿಕ್ಷಾದ ಖರ್ಚನ್ನು ನಮ್ಮ ಬ್ಯಾಚ್ ಮೊದಲ ವರ್ಷಕ್ಕೆ ಕೊಡುತ್ತದೆ. ನಿನ್ನೆ ಊಟದ ಪಂಕ್ತಿಯಲ್ಲಿಯೇ ಮಾತಾಡಿಕೊಂಡಿದ್ದೇವೆ. ಎರಡನೆಯ ವರ್ಷಕ್ಕೆ ಬೇರೆ ಬ್ಯಾಚಿನವರು ಕೈ ಎತ್ತಬೇಕು.

ತಾಯಂದಿರೇ, ತಂದೆಯರೇ, ನಿಮ್ಮಲ್ಲಿ ಕೇಳುವುದು ಒಂದೇ. ಮುಂದಿನ ಸಲ ವಲಯ ಮಟ್ಟದ ಆಟ ನಡೆದಾಗ ಒಂದು ಗಂಟೆ ಬಂದು ನೋಡಿ. ರಬಾತ್‌ನಲ್ಲಿ 45 ಸಾವಿರ ಜನ ಬಂದರು, ನೀವು ನಲವತ್ತೈದು ಜನ ಬಂದರೆ ಸಾಕು. ಅಮ್ಮ ನೋಡುತ್ತಿದ್ದಾಳೆ ಎಂದರೆ ಹುಡುಗಿ ಓಡುವ ರೀತಿಯೇ ಬೇರೆ. ಇದು ನಾನು ಇಪ್ಪತ್ತೆರಡು ವರ್ಷ ಗೆರೆಯ ಪಕ್ಕದಲ್ಲಿ ನಿಂತು ಕಂಡ ಸತ್ಯ.

ಮಕ್ಕಳೇ, ನಿಮಗೆ ಉಪದೇಶ ಮಾಡುವುದಿಲ್ಲ. ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕೂವರೆಗೆ ಬನ್ನಿ. ಶೂ ಇಲ್ಲದಿದ್ದರೂ ಬನ್ನಿ. ಸಮಿತಿಯವರು ಇನ್ನೂ ‘ಆಗಲಿ’ ಎಂದಿಲ್ಲ, ಆದರೆ ಅಧ್ಯಕ್ಷರು ನಗುತ್ತಿದ್ದಾರೆ, ಹಾಗಾಗಿ ಧೈರ್ಯದಿಂದ ಹೇಳುತ್ತಿದ್ದೇನೆ.

ಈ ಶಾಲೆಗೆ ಐವತ್ತು ತುಂಬಿದೆ.